ಸಂಪಾದಕರ ಉತ್ತರ: ಮೂರು ದೇಶ, ಒಂದು ರ‍್ಯಾಕೆಟ್

ಶಿವಮೊಗ್ಗದ ಓದುಗರೊಬ್ಬರು ಬರೆದಿದ್ದಾರೆ: "ಬ್ಯಾಡ್ಮಿಂಟನ್ ಆಟಗಾರ್ತಿ ಬೀವೆನ್ ಜಾಂಗ್ ಹುಟ್ಟಿದ್ದು ಚೀನಾದಲ್ಲಿ. ಆಡಿದ್ದು ಮೊದಲು ಸಿಂಗಪುರಕ್ಕೆ, ಆಮೇಲೆ ಅಮೆರಿಕಕ್ಕೆ. ದುಡ್ಡು ಕಂಡ ಕಡೆ ಹೋಗುವವರನ್ನು ಯಾಕೆ ಹೊಗಳುತ್ತೀರಿ? ನಮ್ಮ ಪ್ರಕಾಶ್ ಪಡುಕೋಣೆ ಡೆನ್ಮಾರ್ಕ್‌ನಲ್ಲಿದ್ದರೂ ಭಾರತಕ್ಕೇ ಆಡಲಿಲ್ಲವೇ?"

ನಿಮ್ಮ ಕೋಪ ಅರ್ಥವಾಗುತ್ತದೆ. 2018ರ ಫೆಬ್ರವರಿ 4ರಂದು ದೆಹಲಿಯ ಇಂಡಿಯಾ ಓಪನ್ ಫೈನಲ್‌ನಲ್ಲಿ ನಮ್ಮ ಸಿಂಧು ಸೋತಿದ್ದು ಇವರಿಗೇ. ಹಿಂದಿನ ವರ್ಷದ ಚಾಂಪಿಯನ್ ಸಿಂಧು, ಸುತ್ತಲೂ ನಮ್ಮದೇ ಜನ. 21-18, 11-21, 22-20. ಎರಡನೇ ಗೇಮನ್ನು ಅಷ್ಟು ಕೆಟ್ಟದಾಗಿ ಸೋತ ಜಾಂಗ್ ಮೂರನೆಯದರಲ್ಲಿ ಕೊನೆಯವರೆಗೂ ಹಿಡಿದು ನಿಂತು ಗೆದ್ದರು. ಅದು ಅವರ ಮೊದಲ ದೊಡ್ಡ ಪ್ರಶಸ್ತಿ. ಆಗ ಅವರಿಗೆ ವಯಸ್ಸು 27.

ಬ್ಯಾಡ್ಮಿಂಟನ್ ಆಡಿದವರಿಗೆ ಗೊತ್ತು, 11 ಪಾಯಿಂಟ್ ಆದಾಗ ಒಂದು ನಿಮಿಷ ಬಿಡುವು ಸಿಗುತ್ತದೆ. ಕೋರ್ಟಿನ ಹಿಂದೆ ಕುರ್ಚಿಯಲ್ಲಿ ಕೂತಿರುವ ಕೋಚ್ ಎದ್ದು ಬಂದು, ಎದುರಾಳಿ ಯಾವ ಮೂಲೆಗೆ ತಡವಾಗಿ ಓಡುತ್ತಿದ್ದಾಳೆ, ಯಾವ ಹೊಡೆತ ಬಿಡಬೇಕು ಅಂತ ಹೇಳುತ್ತಾರೆ. ಜಾಂಗ್ ಆ ವರ್ಷಗಳಲ್ಲಿ ಕೋಚ್ ಇಲ್ಲದೆಯೇ ಊರೂರು ತಿರುಗುತ್ತಿದ್ದರು. ಟಿಕೆಟ್, ಹೋಟೆಲ್ ಎಲ್ಲವನ್ನೂ ತಾವೇ ನೋಡಿಕೊಳ್ಳಬೇಕು. ಬಿಡುವಿನ ಆ ನಿಮಿಷದಲ್ಲಿ ಯೋಚನೆಯೂ ಅವರದೇ, ತೀರ್ಮಾನವೂ ಅವರದೇ.

ದುಡ್ಡಿನ ವಿಷಯಕ್ಕೆ ಬರೋಣ. ಅದೇ 2018ರಲ್ಲಿ ವಿಶ್ವ ಚಾಂಪಿಯನ್‌ಷಿಪ್ ನಡೆದಿದ್ದು ಚೀನಾದ ನಾನ್‌ಜಿಂಗ್‌ನಲ್ಲಿ. ಅಲ್ಲಿಗೆ ಹೋಗುವ ಖರ್ಚಿಗೆ ಜಾಂಗ್ ಆನ್‌ಲೈನ್‌ನಲ್ಲಿ ಜನರ ಮುಂದೆ ಕೈಚಾಚಬೇಕಾಯಿತು. ಇಂಡಿಯಾ ಓಪನ್ ಗೆದ್ದ ಆಟಗಾರ್ತಿ, ತಾನು ಹುಟ್ಟಿದ ದೇಶದಲ್ಲಿ ಅಮೆರಿಕದ ಹೆಸರಲ್ಲಿ ಆಡಲು ಚಂದಾ ಎತ್ತಿದಳು! ಇದರಲ್ಲಿ ದುಡ್ಡಿನಾಸೆ ಎಲ್ಲಿದೆ, ಹೇಳಿ? ದುಡ್ಡೇ ಬೇಕಿದ್ದರೆ ಆಟ ಬಿಟ್ಟು ಬೇರೆ ಕೆಲಸ ಹಿಡಿಯುವುದೇ ಸುಲಭವಿತ್ತು.

ಇನ್ನು ದೇಶ ಬದಲಿಸಿದ್ದು. ಲಿಯಾವ್‌ನಿಂಗ್ ಪ್ರಾಂತ್ಯದ ಆನ್‌ಶಾನ್‌ನಿಂದ ಸಿಂಗಪುರಕ್ಕೆ ಬಂದಾಗ ಅವರಿಗೆ 13. ಆ ವಯಸ್ಸಿನ ಹುಡುಗಿಯ ನಿರ್ಧಾರವನ್ನು ದೇಶಪ್ರೇಮದ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. 2013ರಿಂದ ಅಮೆರಿಕ. ಅಲ್ಲಿಗೂ ಸುಮ್ನೆ ಕಾಲಿಟ್ಟರೆ ಆಗಲಿಲ್ಲ. ಬೇರೆ ಟೂರ್ನಿಗಳಲ್ಲಿ ಅಮೆರಿಕದ ಹೆಸರಲ್ಲಿ ಆಡಬಹುದಿತ್ತು, ಆದರೆ ಒಲಿಂಪಿಕ್ಸ್‌ಗೆ ಪೌರತ್ವ ಬೇಕೇ ಬೇಕು. ಅದಿಲ್ಲದೆ 2016ರ ರಿಯೊ ಕೈತಪ್ಪಿತು. ಆಟಗಾರ್ತಿಯ ಒಳ್ಳೆಯ ವರ್ಷಗಳು ಎಷ್ಟಿರುತ್ತವೆ? ಅದರಲ್ಲಿ ಒಂದು ಒಲಿಂಪಿಕ್ಸ್ ಕಾಗದಪತ್ರಕ್ಕೆ ಹೋಯಿತು. ಕೊನೆಗೆ 2021ರಲ್ಲಿ ಟೋಕಿಯೊ ಸಿಕ್ಕಿತು. ಪ್ರಿ ಕ್ವಾರ್ಟರ್ ಫೈನಲ್‌ನಲ್ಲಿ ಚೀನಾದ ಹೆ ಬಿಂಗ್‌ಜಿಯಾವ್ ಎದುರು ಆಡುತ್ತಿರುವಾಗಲೇ ಹಿಮ್ಮಡಿಯ ಮೇಲಿನ ಅಕಿಲಿಸ್ ಸ್ನಾಯುರಜ್ಜು ಹರಿಯಿತು. ಕೋರ್ಟಿನಿಂದ ಹೊರಗೆ ಬರಬೇಕಾಯಿತು. 31ರ ವಯಸ್ಸಿನಲ್ಲಿ ಇಂಥ ಗಾಯವಾದರೆ ಎಷ್ಟೋ ಜನ ರ‍್ಯಾಕೆಟ್ ಕೆಳಗಿಡುತ್ತಾರೆ.

ಪ್ರಕಾಶ್ ಅವರ ಮೇಲಿನ ಅಭಿಮಾನ ನನಗೂ ನಿಮ್ಮಷ್ಟೇ ಇದೆ. 1980ರಲ್ಲಿ ಆಲ್ ಇಂಗ್ಲೆಂಡ್ ಗೆದ್ದ ಮೇಲೆ ಅವರು ಕೋಪನ್‌ಹೇಗನ್‌ನಲ್ಲಿ ನೆಲೆಸಿ ಆಡಿದರು. ಯಾಕೆ ಹೋದರು? ಒಳ್ಳೆಯ ಕೋರ್ಟ್, ದಿನಾ ಗಟ್ಟಿ ಎದುರಾಳಿಗಳು ಬೇಕಿತ್ತು ಅಂತ. ಹುಡುಕಾಟ ಇಬ್ಬರದೂ ಒಂದೇ. ಆದರೆ ಪ್ರಕಾಶ್ ಎಲ್ಲಿದ್ದರೂ ಭಾರತದ ತಂಡದಲ್ಲಿ ಅವರ ಜಾಗ ಅವರಿಗಿತ್ತು, ತವರಿಗೆ ಮರಳಿದಾಗ ಬೆಂಗಳೂರು ತಲೆಮೇಲೆ ಹೊತ್ತು ಮೆರೆಸಿತು. ಜಾಂಗ್‌ಗೆ ಆ ಭಾಗ್ಯ ಇರಲಿಲ್ಲ. ಪ್ರಕಾಶ್ ಅವರನ್ನು ಅಳೆದ ಕೋಲಿನಲ್ಲೇ ಇವರನ್ನೂ ಅಳೆಯುವುದು ಹೇಗೆ?

ಇದನ್ನೂ ಸೇರಿಸಿಬಿಡುತ್ತೇನೆ. ಆ ಗಾಯದ ನಂತರವೂ ಜಾಂಗ್ ವಾಪಸ್ ಬಂದರು. 2023ರಲ್ಲಿ ಸ್ಯಾಂಟಿಯಾಗೊದ ಪ್ಯಾನ್ ಅಮೆರಿಕನ್ ಕ್ರೀಡಾಕೂಟದ ಸಿಂಗಲ್ಸ್ ಚಿನ್ನ ಗೆದ್ದರು. 2024ರಲ್ಲಿ, 34 ತುಂಬಿದ ಮೇಲೆ, ಪ್ಯಾರಿಸ್ ಒಲಿಂಪಿಕ್ಸ್‌ನಲ್ಲೂ ಆಡಿದರು. ಸಿಂಧು ಗೆಲ್ಲಲಿ ಅಂತ ಕೂಗುವುದನ್ನು ನಾನೂ ಬಿಡುವುದಿಲ್ಲ, ನೀವೂ ಬಿಡಬೇಡಿ. ಆದರೆ ಇಂಥವರ ಬಗ್ಗೆ ಈ ಪತ್ರಿಕೆ ಇನ್ನೂ ಜಾಸ್ತಿ ಬರೆಯುತ್ತದೆ.