ಬೆಳೆಸಿದ ನಿರ್ದೇಶಕರೇ ಕೈಬಿಟ್ಟರೆ ನಟಿಯ ಕಥೆ ಮುಗೀತಾ?

ಮೊದಲ ದೊಡ್ಡ ಪಾತ್ರ ಕೊಟ್ಟ ನಿರ್ದೇಶಕರ ಜೊತೆ ಮನಸ್ತಾಪ, ಅವರ ಹೊಸ ಸಿನಿಮಾಕ್ಕೆ ಬೇರೆ ಹುಡುಗಿ ಬಂದಿದ್ದಾಳೆ, ಕ್ಷಮೆ ಕೇಳಿ ವಾಪಸ್ ಹೋಗಲಾ ಅಥವಾ ನಟನೆ ಬಿಟ್ಟು ಊರಿಗೆ ಹೋಗಲಾ, ಹಳೇ ಸಿನಿಮಾಗಳ ನಟಿ ಕಲ್ಪನಾ ಅವರ ಗತಿ ನನಗೂ ಬರುತ್ತಾ ಅಂತ ಕೇಳಿದ್ದೀರಿ. ಓದಿ ಎದೆ ಧಸಕ್ ಅಂತು. ನಾನೂ ಇದೇ ಜಾಗದಲ್ಲಿ ನಿಂತಿದ್ದವಳು.

ನನ್ನನ್ನು ಧಾರಾವಾಹಿಗೆ ತಂದಿದ್ದು ಒಬ್ಬ ನಿರ್ದೇಶಕರು. ಹೆಸರು ಬೇಡ. ಲೈಟ್ ತಪ್ಪದ ಹಾಗೆ ಹೇಗೆ ತಿರುಗಬೇಕು, ಅಳುವ ಸೀನಿನಲ್ಲಿ ಎಲ್ಲಿ ನಿಲ್ಲಿಸಬೇಕು, ಎಲ್ಲ ಅವರೇ ಕಲಿಸಿದ್ದು. ಒಂದು ದಿನ ಸೆಟ್ಟಿನಲ್ಲಿ ಎಲ್ಲರೆದುರು ಬೈದರು. ನಾನೂ ತಿರುಗಿ ಮಾತಾಡಿದೆ. ಆ ಧಾರಾವಾಹಿ ಮುಗಿದ ಮೇಲೆ ಅವರಿಂದ ಫೋನ್ ಬರಲಿಲ್ಲ. ಆದರೆ ನನ್ನನ್ನು ಮುಳುಗಿಸಿದ್ದು ಆ ಜಗಳ ಅಲ್ಲ.

ಅವರು ಸಿನಿಮಾ ಶುರು ಮಾಡುತ್ತಿದ್ದಾರೆ, ನಾಯಕಿ ಪಾತ್ರ ನನಗೇ ಇಟ್ಟಿದ್ದಾರೆ ಅಂತ ಮೇಕಪ್‌ನವರೊಬ್ಬರು ಹೇಳಿದರು. ಅದೇ ಹೊತ್ತಿಗೆ ಇನ್ನೊಂದು ಧಾರಾವಾಹಿಯ ಪ್ರೊಡಕ್ಷನ್ ಮ್ಯಾನೇಜರ್ ಫೋನ್ ಮಾಡಿದರು. "ಮೇಡಂ, ಹೀರೋ ಅಕ್ಕನ ಪಾತ್ರ. ತಿಂಗಳಲ್ಲಿ ಅರ್ಧದಷ್ಟು ದಿನ ಶೂಟಿಂಗಿಗೆ ಡೇಟ್ಸ್ ಕೊಡ್ತೀರಾ?" ನಾನು "ಆಮೇಲೆ ಹೇಳ್ತೀನಿ ಅಣ್ಣ" ಅಂದೆ.

ಇದನ್ನು ಬಿಡಿಸಿ ಹೇಳಲೇಬೇಕು, ಯಾಕಂದ್ರೆ ನೀವೂ ಈಗ ಇದನ್ನೇ ಮಾಡುತ್ತಿರಬಹುದು. ದಿನಾ ಪ್ರಸಾರ ಆಗುವ ಧಾರಾವಾಹಿ ಯಾರಿಗೂ ಕಾಯುವುದಿಲ್ಲ. ಸಂಜೆಯೊಳಗೆ ಇನ್ನೊಬ್ಬರಿಗೆ ಫೋನ್ ಹೋಗುತ್ತದೆ. ಆ ಪಾತ್ರ ಹೋದರೆ ಒಂದು ದಿನದ ಕೂಲಿ ಹೋದ ಹಾಗಲ್ಲ, ಧಾರಾವಾಹಿ ನಡೆಯುವಷ್ಟು ಕಾಲದ ಊಟ ಹೋಯಿತು. ಅದಕ್ಕಿಂತ ಕೆಟ್ಟದ್ದು ಆಮೇಲಿನದು. ಮ್ಯಾನೇಜರ್‌ಗಳು ತಮ್ಮತಮ್ಮಲ್ಲಿ ಮಾತಾಡಿಕೊಳ್ಳುತ್ತಾರೆ. "ಅವರಾ? ಅವರು ಹೀರೋಯಿನ್ ಪಾತ್ರ ಬಿಟ್ಟು ಬೇರೆ ಮಾಡಲ್ಲ" ಅಂತ ಸುದ್ದಿಯಾಯಿತು. ನಾನು ಹಾಗೆ ಯಾರಿಗೂ ಹೇಳಿರಲಿಲ್ಲ. ಆದರೂ ಫೋನ್ ಬರುವುದು ಕಡಿಮೆಯಾಯಿತು. ಇತ್ತ ಸಿನಿಮಾದ ಕಡೆಯಿಂದ ನನ್ನ ಕೈಯಲ್ಲಿ ಏನಿತ್ತು? ಅಡ್ವಾನ್ಸ್ ಇಲ್ಲ, ಅಗ್ರಿಮೆಂಟ್ ಇಲ್ಲ, ನಿರ್ದೇಶಕರು ತಾವಾಗಿ ಒಂದು ಮಾತು ಹೇಳಿರಲೂ ಇಲ್ಲ. ಬರೀ ಅಂತೆಕಂತೆ ನಂಬಿ ಡೇಟ್ಸ್ ಖಾಲಿ ಇಟ್ಟುಕೊಂಡು ಕೂತೆ.

ನಮ್ಮ ದುಡ್ಡಿನ ಲೆಕ್ಕ ನಿಮಗೆ ಗೊತ್ತು. ಇವತ್ತು ಮಾಡಿದ ಕೆಲಸದ ಪೇಮೆಂಟ್ ಕೈಗೆ ಬರೋದು ಎರಡು ಮೂರು ತಿಂಗಳಿಗೆ. ಸೀರೆ ನಮ್ಮದೇ, ರವಿಕೆ ಹೊಲಿಸೋದು ನಮ್ಮದೇ, ಉಟ್ಟಿದ್ದನ್ನೇ ಮತ್ತೆ ಉಡುವ ಹಾಗಿಲ್ಲ. ಹಳೇ ಪೇಮೆಂಟ್ ಬರುವಷ್ಟು ದಿನ ಕೆಲಸ ಹೋದದ್ದು ನನಗೆ ತಟ್ಟಲೇ ಇಲ್ಲ. ಅದು ನಿಂತ ತಿಂಗಳು ಬಾಡಿಗೆ ಕಟ್ಟೋಕೆ ಅಮ್ಮನ ಬಳೆ ಅಡ ಇಟ್ಟೆ. ಸಿನಿಮಾದ ಮುಹೂರ್ತದ ಫೋಟೋ ಪೇಪರಿನಲ್ಲಿ ಬಂತು, ನಾಯಕಿ ಬೇರೆ.

ಈಗ ಕಲ್ಪನಾ ಅವರ ವಿಷಯ. ಅವರನ್ನು ಬೆಳೆಸಿದ ನಿರ್ದೇಶಕ ಪುಟ್ಟಣ್ಣ ಕಣಗಾಲ್ ಕೈಬಿಟ್ಟರು, ಅಲ್ಲಿಗೆ ಅವರ ಕಥೆ ಮುಗಿಯಿತು ಅಂತ ನಮ್ಮ ಜನ ಹೇಳಿಕೊಂಡೇ ಬಂದಿದ್ದಾರೆ. ನಾನು ಒಪ್ಪಲ್ಲ. ಅವರ ಮೊದಲ ಚಿತ್ರ 'ಸಾಕು ಮಗಳು' ಬಿ.ಆರ್. ಪಂತುಲು ಅವರದು, 1963ರಲ್ಲಿ. ಪುಟ್ಟಣ್ಣನವರ 'ಬೆಳ್ಳಿಮೋಡ' ಬಂದಿದ್ದು 1967ರಲ್ಲಿ. ಆಮೇಲೆ 'ಗೆಜ್ಜೆಪೂಜೆ', 1971ರಲ್ಲಿ 'ಶರಪಂಜರ'. ಆ ಕಾವೇರಿ ಪಾತ್ರವನ್ನು ಇನ್ಯಾರಾದರೂ ಮಾಡೋದನ್ನು ಊಹಿಸೋಕಾಗುತ್ತಾ? ಮಾನಸಿಕ ಆಸ್ಪತ್ರೆಯಿಂದ ವಾಸಿಯಾಗಿ ಬಂದವಳನ್ನು ಮನೆಯವರೇ ಅನುಮಾನದಿಂದ ನೋಡುವಾಗ ಅವರ ಕಣ್ಣುಗಳು ಮೆಲ್ಲಗೆ ಬದಲಾಗುತ್ತವಲ್ಲ, ಅದು ಅವರ ಸ್ವಂತ ದುಡಿಮೆ. ಪುಟ್ಟಣ್ಣನವರಿಂದ ದೂರವಾದ ಮೇಲೂ ಅವರು ಸುಮ್ನೆ ಕೂರಲಿಲ್ಲ. 1973ರಲ್ಲಿ ರಾಜ್‌ಕುಮಾರ್ ಜೊತೆ 'ಗಂಧದ ಗುಡಿ', ಮರುವರ್ಷ 'ಎರಡು ಕನಸು', 1976ರಲ್ಲಿ 'ಬಯಲುದಾರಿ'. ಮೂರೂ ಪುಟ್ಟಣ್ಣನವರದಲ್ಲದ ಚಿತ್ರಗಳು. ಕೊನೆಗೆ ನಾಟಕ ಕಂಪನಿಯ ಜೊತೆ ಉತ್ತರ ಕರ್ನಾಟಕದಲ್ಲಿ ರಂಗದ ಮೇಲೂ ದುಡಿಯುತ್ತಿದ್ದರು. 1979ರ ಮೇ ತಿಂಗಳಲ್ಲಿ ಸಂಕೇಶ್ವರದ ಹತ್ತಿರ ಗೋಟೂರಿನ ಬಂಗಲೆಯಲ್ಲಿ ತೀರಿಕೊಂಡಾಗ ಅವರಿಗೆ ಇನ್ನೂ 35. ಆ ಸಾವಿನ ಬಗ್ಗೆ ನೂರೆಂಟು ಕಥೆ ಕಟ್ಟಿದ ಜನ, ಅವರು ಕೊನೆತನಕ ಕೆಲಸ ಮಾಡಿದ್ದನ್ನು ಯಾಕೆ ಹೇಳಲ್ಲ? ನನಗೆ ಇವತ್ತಿಗೂ ಸಂಕಟ ಆಗುತ್ತೆ.

ಹಾಗಾಗಿ "ವಾಪಸ್ ಹೋಗಲಾ, ಬಿಟ್ಟುಬಿಡಲಾ" ಅನ್ನೋ ನಿಮ್ಮ ಪ್ರಶ್ನೆಯೇ ನನಗೆ ಸರಿ ಕಾಣಲ್ಲ. ಎರಡರಲ್ಲೂ ನಡುವೆ ಕೂತಿರೋದು ಆ ನಿರ್ದೇಶಕರೇ ಅಲ್ವಾ? ನಿಮ್ಮದು ತಪ್ಪು ಅಂತ ನಿಮಗೇ ಅನಿಸಿದರೆ ಕ್ಷಮೆ ಕೇಳಿ, ತಪ್ಪೇನಿಲ್ಲ. ಪಾತ್ರಕ್ಕೋಸ್ಕರ ಮಾತ್ರ ಕೇಳಬೇಡಿ. ಇವತ್ತೇ ಗೊತ್ತಿರುವ ಮ್ಯಾನೇಜರ್‌ಗಳಿಗೆಲ್ಲ ನೀವೇ ಫೋನ್ ಮಾಡಿ, "ನಾನು ಫ್ರೀ ಇದ್ದೀನಿ, ಅಕ್ಕ ಅತ್ತಿಗೆ ಯಾವ ಪಾತ್ರ ಆದರೂ ಮಾಡ್ತೀನಿ" ಅಂತ ಬಾಯಿಬಿಟ್ಟು ಹೇಳಿ. ನಾಚಿಕೆ ಪಡಬೇಡಿ. ನಾನು ತಡವಾಗಿ ಹೀಗೆ ಮಾಡಿದ ಮೇಲೆಯೇ ಡಬ್ಬಿಂಗ್ ಸಿಕ್ಕಿತು, ಆಮೇಲೆ ಅತ್ತಿಗೆ ಪಾತ್ರ, ಈಗ ತಾಯಿ ಪಾತ್ರಗಳು. ಅಮ್ಮನ ಬಳೆ ಬಿಡಿಸಿಕೊಂಡಿದ್ದು ಆ ಅತ್ತಿಗೆ ಪಾತ್ರದ ದುಡ್ಡಿನಲ್ಲಿ.

ಇನ್ನು ಕಲ್ಪನಾ ಅವರ ಗತಿ ಬರುತ್ತಾ ಅಂತ ಕೇಳಿದಿರಲ್ಲ, ಅದನ್ನು ನಾನು ಹಗುರವಾಗಿ ತಗೊಳ್ಳಲ್ಲ. ರಾತ್ರಿ ಹೊತ್ತು ಬದುಕೇ ಬೇಡ ಅನಿಸುತ್ತಿದ್ದರೆ ಈ ಉತ್ತರವನ್ನು ಇಲ್ಲಿಗೇ ಬಿಟ್ಟು ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಮನಸ್ಸಿನ ಕಷ್ಟಕ್ಕೆ ಸರ್ಕಾರದ ಸಹಾಯವಾಣಿ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮ್ಯಾನೇಜರ್‌ಗಳಿಗೆ ನಾಳೆ ಮಾಡಿದರೂ ಆಗುತ್ತೆ.