ಒಂದೇ ರೈಲು ಹತ್ತಿದೆವು, ಅರ್ಧ ಮನೆ ಬೇರೆ ಊರಿಗೆ ಹೋಯಿತು!
(ಪ್ರವಾಸ ಪ್ರಶ್ನೋತ್ತರ)

ಪ್ರಶ್ನೆ (ದಾವಣಗೆರೆಯಿಂದ): ರಜೆಯಲ್ಲಿ ಬೆನ್ನಿಗೊಂದೊಂದು ಬ್ಯಾಗು ಏರಿಸಿಕೊಂಡು ಯೂರೋಪಿಗೆ ಹೋಗಿದ್ದೆವು. ನಾನು, ಯಜಮಾನರು, ಮಗಳು, ಮಗ, ನಮ್ಮತ್ತೆ. ಎಲ್ಲರಿಗೂ ಯೂರೇಲ್ ಪಾಸ್ (ಯೂರೋಪಿನ ಹಲವು ದೇಶಗಳ ರೈಲಿಗೆ ನಡೆಯುವ ಒಂದೇ ಟಿಕೆಟ್) ಇತ್ತು. ಜರ್ಮನಿಯಲ್ಲಿ ಬರ್ಲಿನ್‌ನಿಂದ ಕಲೋನ್‌ಗೆ ಹೊರಟ ದಿನ ರೈಲು ತುಂಬಿತ್ತು. ಸೀಟು ಹುಡುಕುತ್ತಾ ಯಜಮಾನರು ಮಗನನ್ನು ಕರೆದುಕೊಂಡು ಪ್ಲಾಟ್‌ಫಾರ್ಮಿನಲ್ಲಿ ಓಡಿ ಇನ್ನೊಂದು ತುದಿಯ ಡಬ್ಬಿ ಹತ್ತಿದರು. ಹಾಮ್ ಅನ್ನೋ ಸ್ಟೇಷನ್ ದಾಟಿದ ಮೇಲೆ ಫೋನ್ ಬಂತು: “ನಾವು ಡಾರ್ಟ್‌ಮುಂಡ್‌ನಲ್ಲಿದ್ದೀವಿ, ನೀವೆಲ್ಲಿ?” ನಾವು ಹಾಗನ್ ಹತ್ತಿರ! ಅಷ್ಟರಲ್ಲಿ ಟಿಕೆಟ್ ನೋಡುವವರು ಬಂದರು. ಪಾಸೆಲ್ಲ ಯಜಮಾನರ ಫೋನಿನಲ್ಲಿ. ಅತ್ತೆ ಧೈರ್ಯವಾಗಿ ತಮ್ಮ ವೋಟರ್ ಐಡಿ ತೆಗೆದು ತೋರಿಸಿದರು. ಪುಣ್ಯಕ್ಕೆ ಆ ಮನುಷ್ಯ ನಕ್ಕು ಮುಂದೆ ಹೋದ. ಇದಕ್ಕೆ ರೈಲಿನವರಿಂದ ಪರಿಹಾರದ ಹಣ ಕೇಳಬಹುದಾ?

ಉತ್ತರ: ಮೊದಲು ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸಿ.

ಹಾಮ್‌ನಲ್ಲಿ ರೈಲು ಎರಡಾಗುವುದು ಆ ದಾರಿಯಲ್ಲಿ ಮಾಮೂಲು. ಬರ್ಲಿನ್‌ನಿಂದ ಎರಡು ರೈಲು ಜೋಡಿಯಾಗಿ ಬರುತ್ತವೆ. ಅಲ್ಲಿಂದ ಒಂದು ಹಾಗನ್, ವುಪರ್ಟಾಲ್ ಮೇಲೆ ಕಲೋನ್‌ಗೆ. ಇನ್ನೊಂದು ಡಾರ್ಟ್‌ಮುಂಡ್, ಎಸೆನ್ ಮೇಲೆ ಡಸೆಲ್‌ಡಾರ್ಫ್ ಕಡೆಗೆ. ನಮ್ಮಲ್ಲೂ ಇತ್ತಲ್ಲ, ಬೆಂಗಳೂರಿನಿಂದ ಹೊರಟ ಒಂದೇ ರಾತ್ರಿ ರೈಲು ಮಂಗಳೂರಿನಲ್ಲಿ ಕಾರವಾರಕ್ಕೊಂದು, ಕಣ್ಣೂರಿಗೊಂದು ಆಗುತ್ತಿತ್ತು. ಆದರೆ ಅಲ್ಲಿ ಎಂಜಿನ್ ಹಿಂದೆ ಮುಂದೆ ಓಡಾಡಿ ಮುಗಿಯುವಷ್ಟರಲ್ಲಿ ಜನ ಇಳಿದು ಟೀ ಕುಡಿದು ಬರಬಹುದಿತ್ತು. ಹಾಮ್‌ನಲ್ಲಿ ಎಲ್ಲ ಕೆಲವೇ ನಿಮಿಷ. ನನ್ನ ಮಗಳು ಕಲೋನ್‌ನಲ್ಲಿರುವುದರಿಂದ ಆ ದಾರಿ ನನಗೆ ಚೆನ್ನಾಗಿ ಗೊತ್ತು. ಎರಡು ಬಿಳಿ ಮೂತಿಗಳು ಒಂದಕ್ಕೊಂದು ಕಚ್ಚಿಕೊಂಡಿರುತ್ತವೆ. ಕೊಂಡಿ ತನ್ನಷ್ಟಕ್ಕೆ ಬಿಡುತ್ತದೆ, ಯಾರೂ ಹಳಿಗೆ ಇಳಿಯುವುದೇ ಇಲ್ಲ. ಮುಂದಿನದು ಸದ್ದಿಲ್ಲದೆ ಜಾರಿಹೋಗುತ್ತದೆ. ಎರಡರ ನಡುವೆ ಒಳಗಿಂದ ದಾರಿಯೂ ಇಲ್ಲ. ಹಾಗಾಗಿ ಒಳಗೇ ನಡೆದು ನಿಮ್ಮ ಹತ್ತಿರ ಬರೋಣ ಅಂದರೂ ಯಜಮಾನರಿಗೆ ಆಗುತ್ತಿರಲಿಲ್ಲ.

ಪರಿಹಾರ ಸಿಗಲ್ಲ. ಯೂರೋಪಿಯನ್ ಒಕ್ಕೂಟದ ನಿಯಮದಲ್ಲಿ ರೈಲು 60 ನಿಮಿಷ ತಡವಾದರೆ ಟಿಕೆಟ್ ದರದ 25%, 120 ನಿಮಿಷ ದಾಟಿದರೆ 50% ವಾಪಸ್ ಕೇಳಬಹುದು. ಪಾಸಿನವರಿಗೆ ಲೆಕ್ಕ ಬೇರೆ. ನಿಮ್ಮ ರೈಲಂತೂ ತಡವಾಗಲೇ ಇಲ್ಲವಲ್ಲ!

ಮುಂದಿನ ಸಲ ಹತ್ತುವ ಮುಂಚೆ ಡಬ್ಬಿಯ ಬಾಗಿಲ ಪಕ್ಕದ ಬೋರ್ಡಿನಲ್ಲಿ ಯಾವ ಊರು ಇದೆ ನೋಡಿ. ಪ್ಲಾಟ್‌ಫಾರ್ಮಿಗೆ ಎ, ಬಿ, ಸಿ ಅಂತ ಭಾಗಗಳಿರುತ್ತವೆ, ಯಾವ ಡಬ್ಬಿ ಎಲ್ಲಿ ನಿಲ್ಲುತ್ತದೆ ಅಂತ ಅಲ್ಲೇ ತೋರಿಸುತ್ತಾರೆ. ಜರ್ಮನಿಯಲ್ಲಿ ಪಾಸಿದ್ದವರಿಗೆ ಸೀಟು ಕಾಯ್ದಿರಿಸುವುದು ಕಡ್ಡಾಯವಲ್ಲ ನಿಜ, ಆದರೂ ಮಕ್ಕಳು, ವಯಸ್ಸಾದವರು ಇದ್ದರೆ ದುಡ್ಡು ಕೊಟ್ಟು ಮಾಡಿಸಿ. ಟಿಜಿವಿ ಅನ್ನೋ ಫ್ರಾನ್ಸಿನ ವೇಗದ ರೈಲಿಗೆ, ಇಟಲಿಯ ವೇಗದ ರೈಲುಗಳಿಗೆ ಹೇಗೂ ಕಡ್ಡಾಯ. ಪಾಸುಗಳಲ್ಲಿ ಕೆಲವು ನಿಮ್ಮ ಫೋನಿನಲ್ಲಿ, ಕೆಲವು ಯಜಮಾನರ ಫೋನಿನಲ್ಲಿ ಇರಲಿ. ಬೇರೆಯಾದರೆ ಯಾರೂ ಹಿಂದಕ್ಕೆ ಬರೋದು ಬೇಡ, ಆವತ್ತು ಹೋಗಬೇಕಾದ ಊರಿನ ಸ್ಟೇಷನ್ನಿನಲ್ಲೇ ಸೇರೋಣ ಅಂತ ಮೊದಲೇ ಮಾತಾಡಿಕೊಂಡಿರಿ. ಡಸೆಲ್‌ಡಾರ್ಫ್‌ನಿಂದ ಕಲೋನ್‌ಗೆ ಅರ್ಧ ಗಂಟೆ. ಹಾಮ್‌ಗೆ ವಾಪಸ್ ಓಡಿದ್ದರೆ ಸಂಜೆಯೆಲ್ಲ ಹುಡುಕಾಟವೇ.

ಪ್ರಶ್ನೆ (ಶಿರಸಿಯಿಂದ): ನಮ್ಮ ಭಾವನ ಮನೆಯವರು ವೆನಿಸ್‌ಗೆ ಹೋದಾಗ ‘ವೆನೆಜಿಯಾ’ ಅನ್ನೋ ಬೋರ್ಡು ಕಂಡಕೂಡಲೇ ಇಳಿದರಂತೆ. ನೀರೂ ಇಲ್ಲ, ದೋಣಿಯೂ ಇಲ್ಲ! ನಾವು ಎಲ್ಲಿ ಇಳಿಯಬೇಕು? ಗಾಲಿ ಸೂಟ್‌ಕೇಸ್ ಒಯ್ಯಬಹುದಾ?

ಉತ್ತರ: ಅವರು ಇಳಿದದ್ದು ವೆನೆಜಿಯಾ ಮೆಸ್ತ್ರೆಯಲ್ಲಿ. ಅದು ಈಚೆ ದಡದ ಊರು. ಇನ್ನು ಹತ್ತು ನಿಮಿಷ ಕೂತು ಸೇತುವೆ ದಾಟಿದರೆ ವೆನೆಜಿಯಾ ಸಾಂತಾ ಲೂಚಿಯಾ, ಕೊನೆಯ ಸ್ಟೇಷನ್. ಹೊರಗೆ ಬಂದರೆ ಎದುರಿಗೇ ಗ್ರ್ಯಾಂಡ್ ಕೆನಾಲ್. ಹೋಟೆಲು ಅಗ್ಗ ಅಂತ ಮೆಸ್ತ್ರೆಯಲ್ಲೇ ಬುಕ್ ಮಾಡಿದ್ದರೆ ಮಾತ್ರ ಅಲ್ಲಿ ಇಳಿಯಿರಿ. ಆಮೇಲೆ ಅಲ್ಲಿಂದ ಲೋಕಲ್ ರೈಲಿಗೆ ಕಾಗದದ ಟಿಕೆಟ್ ತೆಗೆದರೆ, ಹತ್ತುವ ಮೊದಲು ಸ್ಟೇಷನ್ನಿನಲ್ಲಿರುವ ಯಂತ್ರದಲ್ಲಿ ಮುದ್ರೆ ಒತ್ತಿಸಿ. ಇಲ್ಲದಿದ್ದರೆ ಟಿಕೆಟ್ ಕೈಯಲ್ಲಿದ್ದೂ ದಂಡ ಕಟ್ಟಬೇಕಾದೀತು.

ಸೂಟ್‌ಕೇಸ್ ಬೇಡ. ವೆನಿಸ್‌ನಲ್ಲಿ ಹೆಜ್ಜೆಗೊಂದು ಸೇತುವೆ, ಹೆಚ್ಚಿನವಕ್ಕೆ ಮೆಟ್ಟಿಲು. ಕೊನೆಗೆ ಹೊರುವವರು ನೀವೇ.

ಪ್ರಶ್ನೆ (ಧಾರವಾಡದಿಂದ): ಅಲ್ಲಿಯ ರೈಲಿನಲ್ಲಿ ನಮ್ಮ ಬುತ್ತಿ ಬಿಚ್ಚಿದರೆ ಬೈತಾರಾ? ಪೇಢೆ ಒಯ್ಯಬಹುದಾ?

ಉತ್ತರ: ಯಾರೂ ಬೈಯಲ್ಲ, ಎಲ್ಲರೂ ತಿನ್ನುತ್ತಾರೆ. ಚಟ್ನಿಪುಡಿ ಧಾರಾಳವಾಗಿ ಒಯ್ಯಿರಿ. ಪೇಢೆ ಮಾತ್ರ ಬೇಡ. ಯೂರೋಪಿಯನ್ ಒಕ್ಕೂಟದ ಹೊರಗಿನಿಂದ ಹಾಲಿನ ಪದಾರ್ಥ, ಮಾಂಸ ತರುವ ಹಾಗಿಲ್ಲ. ಕಸ್ಟಮ್ಸ್‌ನವರು ಕಂಡರೆ ಕಸದ ಡಬ್ಬಿಗೇ ಹಾಕಿಸುತ್ತಾರೆ.