ಎಕ್ಸ್‌ರೇ ನಾರ್ಮಲ್ ಬಂದವರಿಗೆ ಏನು ಹೇಳುತ್ತೀರಿ?

ನಮಸ್ಕಾರ,

ಬೆನ್ನುಮೂಳೆಯ ಉರಿಯೂತದ ಸಂಧಿವಾತ ಮತ್ತು ಸ್ಕ್ಯಾನಿಂಗ್ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಮಲ್ಪೆ ಬಂದರಿನ ಹುಡುಗನ ಕಥೆಯಿಂದ ಶುರು ಮಾಡಿದ್ದು ಚೆನ್ನಾಗಿದೆ. ಭಾಷೆಯೂ ತಿಳಿಯಾಗಿದೆ. ಆದರೆ ಮೂರನೇ ಪ್ಯಾರಾಕ್ಕೆ ಬಂದಾಗ ನನಗೆ ನಿಜಕ್ಕೂ ಸಿಟ್ಟು ಬಂತು.

"ಎಕ್ಸ್‌ರೇ ನಾರ್ಮಲ್ ಬಂದರೆ ನಿಶ್ಚಿಂತೆಯಿಂದಿರಿ" ಎಂದಿದ್ದೀರಿ. ನಿಮ್ಮ ಲೇಖನದ ಹುಡುಗನನ್ನೇ ನೋಡಿ. ನಸುಕಿನಲ್ಲಿ ನೋವಿಗೆ ಎಚ್ಚರ ಆಗುತ್ತದೆ. ಬೆಳಿಗ್ಗೆ ಸೊಂಟ ಬಿಗಿದಿರುತ್ತದೆ, ಬಲೆ ಎಳೆಯತೊಡಗಿದರೆ ಸಡಿಲವಾಗುತ್ತದೆ. ಅಂಥವನ ಎಕ್ಸ್‌ರೇ ವರ್ಷಗಟ್ಟಲೆ ಸರಿಯಾಗಿಯೇ ಕಾಣಬಹುದು. ಎಕ್ಸ್‌ರೇ ತೋರಿಸುವುದು ಮೂಳೆ ಸವೆದ, ಬೆಸೆದುಕೊಂಡ ಗುರುತುಗಳನ್ನು, ಅಂದರೆ ಆಗಿಹೋದ ಹಾನಿಯನ್ನು. ಈಗ ನಡೆಯುತ್ತಿರುವ ಉರಿಯೂತ ಕಾಣಬೇಕಾದರೆ ಎಂಆರ್‌ಐ ಬೇಕು. ಅದರಲ್ಲಿ ಕೊಬ್ಬಿನ ಹೊಳಪನ್ನು ಅಡಗಿಸಿ ತೆಗೆಯುವ ಸ್ಟಿರ್ (STIR) ಚಿತ್ರಗಳಲ್ಲಿ ಮೂಳೆಯೊಳಗಿನ ಊತ ಬೆಳ್ಳಗೆ ಹೊಳೆಯುತ್ತದೆ. ಈ ಕಾಯಿಲೆಯನ್ನು ಗುರುತಿಸಲು ಬಳಸುತ್ತಿದ್ದ 1984ರ ನ್ಯೂಯಾರ್ಕ್ ಮಾನದಂಡದಲ್ಲಿ ಎಕ್ಸ್‌ರೇ ಬದಲಾವಣೆ ಇರಲೇಬೇಕಿತ್ತು. ಆರಂಭದ ಹಂತದವರು ಅದರಿಂದ ಹೊರಗೇ ಉಳಿಯುತ್ತಿದ್ದರು. 2009ರಲ್ಲಿ ಬಂದ ಆಸಾಸ್ (ASAS, ಈ ಕಾಯಿಲೆಯ ತಜ್ಞರ ಅಂತರರಾಷ್ಟ್ರೀಯ ಗುಂಪು) ಮಾನದಂಡ ಎಂಆರ್‌ಐಯನ್ನೂ ಸೇರಿಸಿಕೊಂಡಿತು. ನಿಮ್ಮ ಸಾಲು 1984ರಲ್ಲೇ ನಿಂತಿದೆ.

ಮುಂದಿನ ಸಾಲು: "ಸೊಂಟದ ಎಂಆರ್‌ಐ ಮಾಡಿಸಿದರೆ ಎಲ್ಲ ಗೊತ್ತಾಗುತ್ತದೆ." ಇಲ್ಲ, ಗೊತ್ತಾಗುವುದಿಲ್ಲ. ಈ ಕಾಯಿಲೆ ಸಾಮಾನ್ಯವಾಗಿ ಶುರುವಾಗುವುದು ಸೊಂಟದ ಕೆಳಗೆ, ಬೆನ್ನುಮೂಳೆಯ ಬುಡ ಸೊಂಟದ ಎಲುಬಿಗೆ ಸೇರುವ ಸೇಕ್ರೋಇಲಿಯಾಕ್ ಕೀಲಿನಲ್ಲಿ. ಡಿಸ್ಕ್ ನೋಡಲು ತೆಗೆಯುವ ಮಾಮೂಲಿ ಸ್ಕ್ಯಾನ್‌ನಲ್ಲಿ ಆ ಕೀಲು ಸರಿಯಾಗಿ ಸಿಗುವುದಿಲ್ಲ. ಅದಕ್ಕೇ ಅಂತ ಓರೆ ಕೋನದಲ್ಲಿ ಚಿತ್ರ ತೆಗೆಯಬೇಕು. ಸಾಲದ್ದಕ್ಕೆ, ಈ ಕಾಯಿಲೆ ಇಲ್ಲದ ಓಟಗಾರರಲ್ಲೂ ಈಚೆಗೆ ಹೆರಿಗೆಯಾದವರಲ್ಲೂ ಅಂಥದೇ ಊತ ಕಾಣಬಹುದು. ಎಂಆರ್‌ಐ ಚೆನ್ನಾಗಿದ್ದೂ ಕಾಯಿಲೆ ಇರಬಹುದು. ಹಾಗಾಗಿ ವೈದ್ಯರು ಲಕ್ಷಣ, ರಕ್ತಪರೀಕ್ಷೆ, ಸ್ಕ್ಯಾನ್ ಮೂರನ್ನೂ ಸೇರಿಸಿ ಓದುತ್ತಾರೆ.

ಮಂಗಳೂರಿನ ಪತ್ರಿಕೆಯೊಂದರಲ್ಲಿ ನಾನು ಕೆಲಸ ಕಲಿಯುವಾಗ ಆರೋಗ್ಯ ಪುಟ ನೋಡುತ್ತಿದ್ದ ಹಿರಿಯರೊಬ್ಬರಿದ್ದರು. ಪ್ರತಿ ಸಾಲಿಗೂ ಅವರದು ಒಂದೇ ಪ್ರಶ್ನೆ: "ಇದನ್ನು ಓದಿದವನು ನಾಳೆ ಬೆಳಿಗ್ಗೆ ಏನು ಮಾಡ್ತಾನೆ?" ಉತ್ತರ ಹೇಳಲಾಗದಿದ್ದರೆ ಕೆಂಪು ಗೀಟು ಬೀಳುತ್ತಿತ್ತು. ಸಂಜೆ ಹಂಪನಕಟ್ಟೆಯಲ್ಲಿ ಬಸ್ಸಿಗೆ ಕಾಯುವಾಗಲೂ ನಾನು ಸಾಲುಗಳನ್ನು ಹಾಗೆ ಕೇಳಿಕೊಳ್ಳುತ್ತಿದ್ದೆ. ನಿಮ್ಮ ಓದುಗ ಏನು ಮಾಡ್ತಾನೆ? ಎಕ್ಸ್‌ರೇಯನ್ನು ಕಪಾಟಿನಲ್ಲಿಟ್ಟು ಮೆಡಿಕಲ್‌ನಿಂದ ನೋವಿನ ಮಾತ್ರೆ ತರುತ್ತಾನೆ, ಅಲ್ವಾ? ಚಿಕಿತ್ಸೆ ಸಿಗಬೇಕಾದ ವರ್ಷಗಳು ಹಾಗೇ ಕಳೆಯುತ್ತವೆ.

ಈ ಪ್ಯಾರಾ ಪೂರ್ತಿ ಹೊಸದಾಗಿ ಬರೆಯಿರಿ. ಮೂರು ತಿಂಗಳಿಗೂ ಜಾಸ್ತಿ ಇಂಥ ನೋವಿದ್ದರೆ ಎಕ್ಸ್‌ರೇ ಏನೇ ಹೇಳಲಿ, ರುಮಟಾಲಜಿಸ್ಟ್‌ಗೆ (ಸಂಧಿವಾತ ತಜ್ಞರಿಗೆ) ತೋರಿಸಿ ಎಂದು ಅದರಲ್ಲಿ ಸ್ಪಷ್ಟವಾಗಿ ಇರಲಿ. ತಿದ್ದಿದ್ದನ್ನು ಒಬ್ಬ ರೇಡಿಯಾಲಜಿಸ್ಟ್ ಕೈಯಲ್ಲಿ ಓದಿಸಿ ನನಗೆ ಕಳಿಸಿ.